ಗೇಟಿನವರೆಗಿನ ಲೆಕ್ಕ

೧

ಪ್ರಾಣಿಯಿಂದ ಶುರು ಮಾಡಲೋ ದುಡ್ಡಿನಿಂದ ಶುರು ಮಾಡಲೋ ಎಂದು ಮೂರು ದಿನದಿಂದ ಕೂತಿದ್ದೇನೆ. ಪ್ರಾಣಿಯಿಂದ ಶುರು ಮಾಡಿದರೆ ನೀವು ಅಯ್ಯೋ ಪಾಪ ಎನ್ನುತ್ತೀರಿ. ಅಯ್ಯೋ ಪಾಪ ಎಂದವರಿಗೆ ಆಮೇಲೆ ಸಿಟ್ಟು ಬರುವುದಿಲ್ಲ. ಕಣ್ಣೊರೆಸಿಕೊಂಡು ಪುಟ ತಿರುಗಿಸುತ್ತಾರೆ. ದುಡ್ಡಿನಿಂದ ಶುರು ಮಾಡಿದರೆ ಮೂರನೆಯ ಸೊನ್ನೆಗೇ ಆಕಳಿಸುತ್ತೀರಿ. ನನಗೆ ಬೇಕಾದದ್ದು ನಿಮ್ಮ ಸಿಟ್ಟು. ಅದು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎನ್ನುವುದು ಇಷ್ಟು ವರ್ಷ ಬರೆದರೂ ನನಗೆ ಗೊತ್ತಾಗಿಲ್ಲ.

(ಸಿಟ್ಟಿನ ಕಥೆ ಬರೆಯುತ್ತಿದ್ದೇನೆ ಎಂದಾಗ ನನ್ನ ತಂಗಿ ನಕ್ಕಳು. "ನೀನು ಬೈದ್ರೆ ಬೈಸ್ಕೊಂಡೋರು ಥ್ಯಾಂಕ್ಸ್ ಹೇಳಿ ಹೋಗ್ತಾರೆ ಕಣೆ" ಎಂದಳು. ನೋಡೋಣ.)

ಮೊದಲ ಕರಡು ದುಡ್ಡಿನಿಂದಲೇ ಶುರುವಾಗಿತ್ತು:

"'ಒಂದು ನೀರುನಾಯಿಗೆ ಇಬ್ಬರು ಶಿಕ್ಷಕರ ಸಂಬಳ.' ಈ ತಲೆಬರಹ ಬಂದ ದಿನ ರಾಜ್ಯದ ವನ್ಯಜೀವಿ ಪುನರ್ವಸತಿ ಕೇಂದ್ರದ ಫೋನು ಮಧ್ಯಾಹ್ನದವರೆಗೂ ಹೊಡೆದುಕೊಳ್ಳುತ್ತಲೇ ಇತ್ತು."

ಹರಿದು ಹಾಕಿದೆ. ತಲೆಬರಹ ಸುಳ್ಳಲ್ಲ, ತೊಂದರೆ ಅದೇ. ಆ ಲೆಕ್ಕ ಮಾಡುವ ರೀತಿ ಹೀಗೆ: ಕೇಂದ್ರದ ಇಡೀ ವರ್ಷದ ಖರ್ಚನ್ನು ಕೂಡಿಸಬೇಕು. ಗೋಡೆಯ ಬಣ್ಣ, ನಿರ್ದೇಶಕರ ಜೀಪಿನ ನಾಲ್ಕು ಟೈರು, ಖರ್ಚು ಕಡಿಮೆ ಮಾಡುವುದು ಹೇಗೆ ಎಂದು ಒಂದು ಸಲಹಾ ಕಂಪನಿಯಿಂದ ಬರೆಸಿದ ದಪ್ಪ ವರದಿ, ಎಲ್ಲ ಸೇರಿ. ಅದನ್ನು ಆ ವರ್ಷ ಕಾಡಿಗೆ ಬಿಟ್ಟ ಪ್ರಾಣಿಗಳ ಸಂಖ್ಯೆಯಿಂದ ಭಾಗಿಸಬೇಕು. ಬಂದ ಉತ್ತರ ಒಂದು ಪ್ರಾಣಿಯ ಬೆಲೆ. ಅಂದರೆ ಟೈರನ್ನೂ ವರದಿಯನ್ನೂ ನೀರುನಾಯಿಯೇ ತಿಂದಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪತ್ರಿಕೆಯವರು ಹಾಗೆಯೇ ಅಚ್ಚು ಹಾಕಿದರು.

ಆ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ಪ್ರಾಣಿ ಗೇಟು ದಾಟಿದ ಕೂಡಲೇ ಒಂದು ಯಶಸ್ಸು ದಾಖಲಾಗುತ್ತದೆ. ಗೇಟಿನಾಚೆ ಅದು ಬದುಕಿತೋ ಸತ್ತಿತೋ ಕೇಳುವ ಕಾಲಂ ಇಲ್ಲ.

ಈ ಮಾತು ನೆನಪಿರಲಿ. ಮುಂದೆ ಮತ್ತೆ ಹೇಳುವುದಿಲ್ಲ. (ಹೇಳುತ್ತೇನೆ. ವಯಸ್ಸಾಯಿತು.)

೨

ಹಾಗಾದರೆ ಅಡುಗೆಮನೆಯಿಂದ.

ಕೇಂದ್ರದ ಹಿಂಭಾಗದಲ್ಲಿ ಪ್ರಾಣಿಗಳ ಅಡುಗೆಮನೆ. ಒಂದು ಸ್ಟೀಲ್ ಮೇಜು, ಒಂದು ತಕ್ಕಡಿ, ಮುಚ್ಚಳ ನಿಲ್ಲದೆ ಹಗ್ಗ ಕಟ್ಟಿದ ಫ್ರೀಜರ್, ಗೋಡೆಯ ಮೊಳೆಗಳಲ್ಲಿ ನಾಲ್ಕು ಬೂದುಬಣ್ಣದ ನಿಲುವಂಗಿ. ಬೆಳಗ್ಗೆ ಏಳೂವರೆಗೆ ಅಲ್ಲಿಗೆ ಬರುವ ಹೆಂಗಸು ಹಿಂದಿನ ಸಂಜೆ ಹೊರಗೆ ತೆಗೆದಿಟ್ಟ ಮೀನನ್ನು ಬೆರಳಿನಿಂದ ಒತ್ತಿ ನೋಡುತ್ತಾಳೆ. ಹೆಪ್ಪುಗಟ್ಟಿದ ಮೀನು ಕರಗುವಾಗ ಅದರ ಸತ್ವವೂ ಸೋರಿಹೋಗುತ್ತದೆ. ಅದಕ್ಕೆ ಒಂದು ಮೀನಿನ ಕಿವಿರಿನೊಳಗೆ ವಿಟಮಿನ್ ಮಾತ್ರೆ ತುರುಕುತ್ತಾಳೆ. ತೂಗುತ್ತಾಳೆ, ಬರೆಯುತ್ತಾಳೆ. ಆಮೇಲೆ ನಿಲುವಂಗಿ ಹಾಕಿ, ಮುಖದ ಮೇಲೆ ಬಲೆಬಟ್ಟೆ ಇಳಿಬಿಟ್ಟು ಆವರಣಗಳ ಸಾಲಿಗೆ ಹೋಗುತ್ತಾಳೆ.

ಅಲ್ಲಿಂದ ಮುಂದೆ ಮಾತಿಲ್ಲ. ಕಾಡಿಗೆ ಮರಳಬೇಕಾದ ಪ್ರಾಣಿ ಮನುಷ್ಯರ ಮುಖ ನೋಡಬಾರದು, ದನಿ ಕೇಳಬಾರದು, ಊಟ ಮನುಷ್ಯರ ಕೈಯಿಂದ ಬರುತ್ತದೆ ಎಂದು ತಿಳಿಯಬಾರದು. ಹೆಸರೂ ಇಡುವಂತಿಲ್ಲ, ನಂಬರು ಮಾತ್ರ. ಹತ್ತೊಂಬತ್ತು ವರ್ಷ ಹೀಗೆ ಬಾಯಿಗೆ ಬೀಗ ಹಾಕಿಕೊಂಡು ದುಡಿದವಳನ್ನು ಅಲ್ಲಿನವರು ಮೌನಕ್ಕ ಎನ್ನುತ್ತಾರೆ. ಹತ್ತೊಂಬತ್ತು ವರ್ಷವೂ ಗುತ್ತಿಗೆ.

"ಅಮ್ಮ, ಹಂಗೆ ಬರೀಬೇಡಿ" ಎನ್ನುತ್ತಾಳೆ ಮೌನಕ್ಕ.

"ಏನಾಯಿತೆ?"

"ಮೌನಕ್ಕ ಮೌನಕ್ಕ ಅಂತ ಬರೆದ್ರೆ ಓದೋರು ನಾನು ಯಾರೋ ಸಂತೆ... ಅಲ್ಲ, ಸಂತಳು ಅಂದ್ಕೋತಾರೆ. ಬಸ್ಸಲ್ಲಿ ನನ್ನ ಪಕ್ಕ ಕೂತೋರನ್ನ ಕೇಳಿ. ಕಿವಿ ತೂತು ಬೀಳ್ಸ್ತೀನಿ."

ಬರೆದಿದ್ದೇನೆ. ಮುಂದೆ ಹೋಗೋಣ.

೩

ಈ ಕಥೆ ನಲವತ್ತೇಳನೆಯ ನಂಬರಿನ ನೀರುನಾಯಿಯದು. ಅದು ಬಂದಾಗ ಒಂದು ಚಪ್ಪಲಿಯಷ್ಟಿತ್ತು. ಹೊಳೆಯ ದಂಡೆಗೆ ಅಂಟಿಕೊಂಡು ಹಾಕಿದ ಹೊಸ ರಸ್ತೆಯಲ್ಲಿ ಅದರ ತಾಯಿ ಒಂದು ಕಾರಿಗೆ ಸಿಕ್ಕಿತ್ತು.

(ಅಯ್ಯೋ ಪಾಪ ಎನ್ನಬೇಡಿ. ಬೇಡ ಎಂದೆನಲ್ಲ. ಬದಲಿಗೆ ಇದನ್ನು ಯೋಚಿಸಿ: ಆ ರಸ್ತೆಯ ಖರ್ಚನ್ನು ಯಾರೂ ಒಂದು ಕಾರಿಗೆ ಎಷ್ಟು ಎಂದು ಭಾಗಿಸಲಿಲ್ಲ.)

ಹಾಲಿನ ಬಾಟಲಿಯಿಂದ ಮೀನಿನ ತುಂಡಿಗೆ, ತುಂಡಿನಿಂದ ಇಡೀ ಮೀನಿಗೆ ಬರುವಷ್ಟರಲ್ಲಿ ಏಳು ತಿಂಗಳಾದವು. ಇನ್ನು ಅದು ಬದುಕಿರುವ ಮೀನು ಹಿಡಿಯಲು ಕಲಿಯಬೇಕು. ತಾಯಿ ಇದ್ದಿದ್ದರೆ ಕಲಿಸುತ್ತಿತ್ತು. ತಾಯಿ ಇಲ್ಲದ ಮೇಲೆ ಕೊಳಕ್ಕೆ ಬದುಕಿರುವ ಮೀನು ಬಿಡಬೇಕು, ಅದು ತಾನೇ ತಡಕಾಡಿ ಕಲಿಯಬೇಕು. ಮೌನಕ್ಕ ಅರ್ಜಿ ಕೊಟ್ಟಳು. ಎರಡು ತಿಂಗಳ ಮೇಲೆ ಫೈಲು ಮೇಲಿನಿಂದ ಇಳಿದು ಬಂತು:

"ಸತ್ತ ಮೀನು ಆಹಾರ. ಬದುಕಿರುವ ಮೀನು ಪ್ರಾಣಿ. ಪ್ರಾಣಿ ಖರೀದಿಗೆ ಈ ಕೇಂದ್ರಕ್ಕೆ ಅಧಿಕಾರವಿರುವುದಿಲ್ಲ. ಅಲ್ಲದೆ, ಪುನರ್ವಸತಿ ಕೇಂದ್ರದೊಳಗೆ ಒಂದು ಪ್ರಾಣಿಯನ್ನು ಇನ್ನೊಂದು ಪ್ರಾಣಿಗೆ ನೀಡುವುದು ಸೂಕ್ತವೇ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಿದೆ."

ನಾನು ಇದನ್ನು ತಮಾಷೆಗೆ ಬರೆದೆ ಎಂದುಕೊಳ್ಳುತ್ತೀರಿ. ತಮಾಷೆಗೆ ಬರೆಯಬೇಕೆಂದೇ ಕೂತಿದ್ದೆ. ನಾಲ್ಕು ಸಲ ತಿದ್ದಿದೆ. ಪ್ರತಿ ಸಲವೂ ನಿಜವಾದ ಫೈಲಿನ ಹಾಗೆಯೇ ಕಾಣುತ್ತಿತ್ತು. ಬಿಟ್ಟೆ.

ಮೌನಕ್ಕ ತಗಡಿನ ಬಕೆಟ್ಟು ಹಿಡಿದು ಮೀನುಪೇಟೆಗೆ ಹೊರಟಳು.

"ಬದುಕಿರೋದೇ ಬೇಕಾ?" ಎಂದ ಮೀನಿನವನು. "ಮನೇಲಿ ತೊಟ್ಟಿ ಇಟ್ಟಿದೀರಾ ಅಕ್ಕ?"

"ಇಲ್ಲಪ್ಪ. ಒಬ್ಬರಿಗೆ ಪಾಠ ಹೇಳ್ಕೊಡ್ಬೇಕು."

"ಮೀನಿಗೆ ಪಾಠಾನಾ, ಮೀನಿಂದ ಪಾಠಾನಾ?"

"ಎರಡೂ."

ಅವನು ಆರು ಮೀನಿಗೆ ದುಡ್ಡು ತೆಗೆದುಕೊಂಡು ಏಳು ಹಾಕಿದ. ಮರುದಿನವೂ ಏಳು. ಬಸ್ಸಿನಲ್ಲಿ ಕಂಡಕ್ಟರು ಬಕೆಟ್ಟನ್ನು ಎರಡು ದಿನ ದುರುಗುಟ್ಟಿ ನೋಡಿ, ಮೂರನೆಯ ದಿನ ಹಿಂದಿನ ಸೀಟಿನ ಕೆಳಗೆ ತಾನೇ ಜಾಗ ಮಾಡಿಟ್ಟ. ಇಂಥವನ್ನು ಬರೆಯುವಾಗ ನನ್ನ ಕೈ ತಾನಾಗಿಯೇ ಮೃದುವಾಗುತ್ತದೆ. ಅದೇ ನನ್ನ ರೋಗ. ಯಾರೋ ಒಂದು ಮೀನು ಜಾಸ್ತಿ ಹಾಕಿದರೆ ಲೋಕ ನೆಟ್ಟಗಿದೆ ಎಂದು ನಂಬಿಬಿಡುತ್ತೇನೆ. ಈ ಸಲ ನಂಬುವುದಿಲ್ಲ. ಆ ಏಳನೆಯ ಮೀನು ಸರ್ಕಾರ ಕೊಡಬೇಕಾಗಿದ್ದ ಮೀನು. ಉಳಿದ ಆರೂ.

ಮನೆಯಲ್ಲಿ ಮೌನಕ್ಕನ ನಾದಿನಿ ಇದ್ದಾಳೆ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆಯ ಜೊತೆಯಲ್ಲೇ ಉಳಿದವಳು. ಹೊಲಿಗೆ ಯಂತ್ರ ಇಟ್ಟುಕೊಂಡು ಪಕ್ಕದ ಬೀದಿಗಳವರ ಬಟ್ಟೆ ಬಿಗಿ ಸಡಿಲ ಮಾಡುತ್ತಾಳೆ.

"ದಿನಾ ಮೀನು ತರ್ತೀರಿ ಅತ್ಗೆ, ವಾಸನೆ ಮಾತ್ರ ಮನೆಗೆ ಬರತ್ತೆ" ಎಂದಳು ಒಂದು ಸಂಜೆ.

"ಭಾನುವಾರ ತರ್ತೀನಿ ಬಿಡೆ."

"ಆ ನಲವತ್ತೇಳನೇ ನಂಬರಿಗೆ ಮಿಕ್ಕಿದ್ರೆ ನಲವತ್ತೆಂಟನೇ ನಂಬರು ನಾನು. ಬರ್ಕೊಳಿ."

೪

ತಪ್ಪು ಆದದ್ದು ಇಲ್ಲಿ.

(ಇದನ್ನು ಬರೆಯುವುದಕ್ಕೆ ಮೌನಕ್ಕ ಒಪ್ಪಲಿಲ್ಲ. "ಅದೊಂದು ಬಿಟ್ಬಿಡಿ ಅಮ್ಮ" ಎಂದಳು. ಬಿಟ್ಟರೆ ಕಥೆಯೇ ಇಲ್ಲ ಎಂದೆ. "ಹಂಗಾದ್ರೆ ನಾನು ಗೊತ್ತಿದ್ದೂ ಮಾಡ್ಲಿಲ್ಲ ಅಂತ ಸೇರ್ಸಿ" ಎಂದಳು. ಸೇರಿಸಿದ್ದೇನೆ.)

ಅವಳು ದನಿ ಎತ್ತಲಿಲ್ಲ, ಮುಖ ತೋರಿಸಲಿಲ್ಲ, ನಿಲುವಂಗಿ ಬಿಚ್ಚಲಿಲ್ಲ. ದಿನಾ ಹತ್ತು ಗಂಟೆಗೆ ಆವರಣದ ಹಿಂದಿನ ಸಿಮೆಂಟು ಕಟ್ಟೆಯ ಮೇಲೆ ಬಕೆಟ್ಟು ಇಳಿಸಿ, ಗೋಡೆಯ ಕಿಂಡಿಯಿಂದ ಮೀನನ್ನು ಕೊಳಕ್ಕೆ ಜಾರಿಸಿದಳು. ನಾಲ್ಕನೆಯ ದಿನಕ್ಕೆ ನಲವತ್ತೇಳು ಒಂದು ಮೀನು ಹಿಡಿಯಿತು. ಎರಡು ವಾರಕ್ಕೆ ಏಳೂ. ಮೌನಕ್ಕ ಬಲೆಬಟ್ಟೆಯೊಳಗೇ ನಕ್ಕಳು.

ಮೂರು ತಿಂಗಳ ಮೇಲೆ ಕೊಳದ ಪಂಪು ಕೆಟ್ಟಿತು. ರಿಪೇರಿಯವನು ಬಂದ. ಸ್ಪ್ಯಾನರು ತುಂಬಿದ ತನ್ನ ಬಕೆಟ್ಟನ್ನು ಅವನು ನೆಲಕ್ಕಿಟ್ಟಾಗ ಅದರ ಹಿಡಿ ಅಂಚಿಗೆ ಬಡಿದು ಠಣ್ ಎಂದಿತು.

ಮರದ ದಿಮ್ಮಿಯ ಕೆಳಗೆ ಮಲಗಿದ್ದ ನಲವತ್ತೇಳು ಎದ್ದು ಓಡಿ ಬಂತು. ತಂತಿಬಲೆಗೆ ಮುಂಗಾಲು ಇಟ್ಟು ನೆಟ್ಟಗೆ ನಿಂತು, ಅವನ ಮುಖವನ್ನೇ ನೋಡುತ್ತ ಕುಯ್ ಕುಯ್ ಎಂದು ಕರೆಯಿತು.

"ಅಕ್ಕ," ಎಂದ ರಿಪೇರಿಯವನು ಪಿಸುಮಾತಿನಲ್ಲಿ (ಅವನಿಗೂ ಇಲ್ಲಿ ಮಾತಾಡಬಾರದೆಂದು ಗೊತ್ತಿತ್ತು, ಪಾಪ), "ಇದು ನನ್ನನ್ನೇ ಕರೀತಿದ್ಯಲ್ಲ."

ಮೌನಕ್ಕನ ಉಸಿರು ಬಿಸಿಯಾಗಿ ಬಲೆಬಟ್ಟೆ ತುಟಿಗೆ ಅಂಟಿತು. ಮೂರು ತಿಂಗಳು, ದಿನಾ ಹತ್ತು ಗಂಟೆಗೆ, ಮೊದಲು ಠಣ್, ಆಮೇಲೆ ಮೀನು. ದನಿಯನ್ನು ಹತ್ತೊಂಬತ್ತು ವರ್ಷ ಕಾದುಕೊಂಡವಳು ಬಕೆಟ್ಟಿನ ದನಿಯನ್ನು ಮರೆತಿದ್ದಳು. ನಲವತ್ತೇಳು ಮೀನು ಹಿಡಿಯಲು ಕಲಿತಿತ್ತು, ಹುಡುಕಲು ಕಲಿತಿರಲಿಲ್ಲ. ಹಸಿವಾದರೆ ಬಕೆಟ್ಟು ಎಲ್ಲಿದೆಯೋ ಅಲ್ಲಿಗೆ ಹೋಗಬೇಕು ಎಂದು ಅವಳೇ ಕಲಿಸಿದ್ದಳು.

ನೀರುನಾಯಿಗಳನ್ನು ಬಿಡುವುದು ಅಣೆಕಟ್ಟಿನ ಕೆಳಗಿನ ಹೊಳೆಗೆ. ಅಲ್ಲಿ ಬೆಳಗಾದರೆ ದಂಡೆಯುದ್ದಕ್ಕೂ ಗಾಳ ಹಾಕಿ ಕೂತವರು, ಒಬ್ಬೊಬ್ಬರ ಪಕ್ಕದಲ್ಲೂ ಒಂದೊಂದು ಬಕೆಟ್ಟು. ಬಕೆಟ್ಟಿಗೆ ಬಾಯಿ ಹಾಕುವ ನೀರುನಾಯಿಗೆ ಅವರು ಏನು ಮಾಡುತ್ತಾರೆ ಎನ್ನುವುದು ಮೌನಕ್ಕನಿಗೆ ಗೊತ್ತು. ಹಾಗೆ ಸೊಂಟ ಮುರಿದು ಬಂದ ಎರಡನ್ನು ಅವಳೇ ನೋಡಿಕೊಂಡಿದ್ದಳು. ಎರಡೂ ಉಳಿಯಲಿಲ್ಲ.

ಮರುದಿನದಿಂದ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಳು. ಒಂದು ದಿನ ಎಂಟಕ್ಕೆ, ಒಂದು ದಿನ ಮೂರಕ್ಕೆ, ಕೊಳದ ಬೇರೆ ಬೇರೆ ಮೂಲೆಯಿಂದ ಸದ್ದಿಲ್ಲದೆ ಬಿಟ್ಟಳು. ಎರಡು ದಿನ ಮೀನುಗಳು ನಲವತ್ತೇಳರ ಮೀಸೆಯ ಪಕ್ಕದಲ್ಲೇ ಈಜಾಡಿದವು; ಅದು ಸಿಮೆಂಟು ಕಟ್ಟೆಯನ್ನೇ ನೋಡುತ್ತ ಉಪವಾಸ ಕೂತಿತು. ಒಂಬತ್ತನೆಯ ದಿನ ಒಂದನ್ನು ತಾನೇ ಹುಡುಕಿ ಹಿಡಿಯಿತು. ಇನ್ನೆರಡು ತಿಂಗಳು ಸಿಕ್ಕರೆ ಮರೆಯುತ್ತದೆ ಎಂದು ಮೌನಕ್ಕ ಅಂದಾಜು ಮಾಡಿದಳು.

ಎಂಟು ದಿನ ಸಿಕ್ಕಿತು.

೫

ಆ ತಲೆಬರಹದ ಬೆನ್ನಿಗೇ ಆಡಿಟರು ಬಂದದ್ದು. ಅವನನ್ನು ಖಳನಾಯಕ ಮಾಡಬೇಕೆಂದು ಚೂಪು ಮೂಗು, ತೆಳು ತುಟಿ ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಬಂದವನು ಆವರಣಗಳ ಸಾಲಿನ ಬಾಯಲ್ಲಿ ನಿಂತು, ಕಿರುಗುಟ್ಟುತ್ತಿದ್ದ ತನ್ನ ಬೂಟುಗಳನ್ನು ಯಾರೂ ಹೇಳದೆಯೇ ಬಿಚ್ಚಿ ಕೈಯಲ್ಲಿ ಹಿಡಿದು, ಒದ್ದೆ ಸಿಮೆಂಟಿನ ಮೇಲೆ ಕಾಲುಚೀಲದಲ್ಲೇ ನಡೆದ. ಇಷ್ಟು ಮಾಡಿದವನ ಮೇಲೆ ನಾನು ಹೇಗೆ ಸಿಟ್ಟು ಮಾಡಲಿ? ಅವನ ಕಾಲುಚೀಲದಿಂದಾಗಿ ಒಂದು ಇಡೀ ಅಧ್ಯಾಯ ಹಾಳಾಯಿತು.

ಅವನು ತಂದ ಸುದ್ದಿ ಮಾತ್ರ ಹೀಗಿತ್ತು. ಒಂದು ಪ್ರಾಣಿಗೆ ಇಷ್ಟರ ಮೇಲೆ ಖರ್ಚಾಗಕೂಡದು ಎಂದು ಮೇಲಿನವರು ಗೆರೆ ಎಳೆದಿದ್ದಾರೆ. ಈ ವರ್ಷ ಬಿಟ್ಟ ಪ್ರಾಣಿಗಳು ಹನ್ನೊಂದು. ಹನ್ನೊಂದರಿಂದ ಭಾಗಿಸಿದರೆ ಗೆರೆ ದಾಟುತ್ತದೆ, ಕೇಂದ್ರ ಮುಚ್ಚುತ್ತದೆ, ನಲವತ್ತೇಳರ ಜೊತೆ ಒಳಗಿರುವ ಮೂವತ್ತೆಂಟು ಪ್ರಾಣಿಗಳ 'ಸೂಕ್ತ ವಿಲೇವಾರಿ' ಆಗುತ್ತದೆ. ಹನ್ನೆರಡರಿಂದ ಭಾಗಿಸಿದರೆ ಕೇಂದ್ರ ಉಳಿಯುತ್ತದೆ. ಬಿಡುವ ವಯಸ್ಸಿಗೆ ಬಂದಿರುವುದು ನಲವತ್ತೇಳು ಒಂದೇ. ಆರ್ಥಿಕ ವರ್ಷ ಮುಗಿಯಲು ಎಂಟು ದಿನ.

ಬಿಡುವುದಕ್ಕೆ ಮುಂಚೆ ಪರೀಕ್ಷೆ ಆಗಬೇಕು. ಕಾಗದಪತ್ರವೆಲ್ಲ ಮುಗಿದು ಅದು ನಿಗದಿಯಾದದ್ದು ಏಳನೆಯ ದಿನ. ಪರೀಕ್ಷೆಗೆ ಬದುಕಿರುವ ಮೀನು ಬೇಕು.

"ತರ್ಸಿ" ಎಂದರು ನಿರ್ದೇಶಕರು ಗುಮಾಸ್ತರಿಗೆ.

"ಯಾವ ಖಾತೆಯಿಂದ ಸಾರ್?"

"ಅತಿಥಿ ಸತ್ಕಾರ. ಆಡಿಟರ್ ಅತಿಥಿ ತಾನೆ? ಅತಿಥಿಗೆ ಮೀನು ತಂದ್ವಿ ಅಂತ ಬರೀರಿ."

ಆಡಿಟರು ಕಿಟಕಿಯಾಚೆ ನೋಡುತ್ತಿದ್ದ. ಅರ್ಜಿ ಕೊಟ್ಟು ಐದು ತಿಂಗಳಾದರೂ ತಿನ್ನುವ ಪ್ರಾಣಿಗೆ ಸಿಗದ ಮೀನು ತಿನ್ನದ ಅತಿಥಿಯ ಹೆಸರಿನಲ್ಲಿ ಅರ್ಧ ಗಂಟೆಯಲ್ಲಿ ಬಂತು.

ಬಂದದ್ದು ತಗಡಿನ ಬಕೆಟ್ಟಿನಲ್ಲಿ. ಬೇಡ ಎಂದು ಮೌನಕ್ಕ ಕೈಸನ್ನೆ ಮಾಡುವಷ್ಟರಲ್ಲಿ ನಿರ್ದೇಶಕರು ಅದನ್ನು ತಾವೇ ಎತ್ತಿಕೊಂಡು ಹೋಗಿ ಸಿಮೆಂಟು ಕಟ್ಟೆಯ ಮೇಲೆ ಇಳಿಸಿದರು. ಠಣ್.

ನಲವತ್ತೇಳು ದಿಮ್ಮಿಯ ಕೆಳಗಿನಿಂದ ಬಾಣದ ಹಾಗೆ ಬಂತು. ನಾಲ್ಕು ನಿಮಿಷದಲ್ಲಿ ಐದು ಮೀನು. ಕಿಂಡಿಯ ಆಚೆ ನಿಂತ ಆಡಿಟರನ ಕಣ್ಣು ಒದ್ದೆಯಾಯಿತು. ನಿರ್ದೇಶಕರು ಅವನ ಬೆನ್ನು ತಟ್ಟಿದರು. ಹೊರಗೆ ಬಂದ ಕೂಡಲೇ ಫಾರಮ್ಮನ್ನು ಮೌನಕ್ಕನ ಮುಂದೆ ಇಟ್ಟರು. ಪ್ರಾಣಿ ತಾನಾಗಿ ಬೇಟೆಯಾಡಿ ಬದುಕಬಲ್ಲದೇ? ಹೌದು, ಇಲ್ಲ. ಎರಡು ಚೌಕ. ಕೆಳಗೆ ಆರೈಕೆ ಮಾಡಿದವರ ಸಹಿ. ಅದಿಲ್ಲದೆ ಗೇಟು ತೆಗೆಯುವಂತಿಲ್ಲ.

"ಸಾರ್," ಎಂದಳು ಮೌನಕ್ಕ. "ಅದು ಮೀನು ಹುಡುಕ್ಲಿಲ್ಲ. ಬಕೆಟ್ ಹುಡುಕ್ತು."

"ಏನಮ್ಮ ಹಂಗಂದ್ರೆ?"

ಅವಳು ಎಲ್ಲ ಹೇಳಿದಳು. ಮೀನುಪೇಟೆ, ಹತ್ತು ಗಂಟೆ, ಪಂಪು ರಿಪೇರಿ, ಹೊಳೆದಂಡೆಯ ಬಕೆಟ್ಟುಗಳು. ತನ್ನದೇ ತಪ್ಪು ಎಂದಳು. ಎರಡು ತಿಂಗಳು ಕೊಡಿ ಎಂದಳು.

"ಅನುಮತಿ ಇಲ್ದೆ ಹೊರಗಿನ ಮೀನು ಹಾಕಿದ್ದು ನಾನು ಕೇಳಿಸ್ಕೊಳ್ಳಿಲ್ಲ," ಎಂದರು ನಿರ್ದೇಶಕರು. "ಕೇಳಿಸ್ಕೊಂಡ್ರೆ ನಿಮ್ಮ ಕೆಲಸ ಹೋಗತ್ತೆ. ಹೌದು ಅಂತ ಗುರುತು ಹಾಕಿ."

"ಇನ್ನೂ ಇಲ್ಲ ಅಂತ ಬರೀಲಾ ಸಾರ್?"

"ಇಲ್ಲ ಅಂತಾನಾ?"

"ಇಲ್ಲ ಅಲ್ಲ ಸಾರ್. ಇನ್ನೂ ಇಲ್ಲ."

ಆಡಿಟರು ಫಾರಮ್ಮನ್ನು ತಿರುಗಿಸಿ ನೋಡಿದ. ಜಾಗ ಹುಡುಕಿದ ಎಂದೇ ನನಗೆ ಅನ್ನಿಸುತ್ತದೆ. "ಅದಕ್ಕೆ ಚೌಕ ಇಲ್ಲಮ್ಮ" ಎಂದ ಕೊನೆಗೆ, ಮೆಲ್ಲಗೆ. "ನಾಳೆ ಕೊನೇ ದಿನ. ಸಂಜೆ ಐದೂವರೆಯೊಳಗೆ ಕೊಡಿ."

೬

ಅಂದು ಸಂಜೆ ನಾದಿನಿ ಯಾರದ್ದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದಳು. ಫಾರಮ್ಮನ್ನು ಯಂತ್ರದ ದೀಪದ ಕೆಳಗೆ ಹಿಡಿದು ಓದಿದಳು.

"ಹೌದು ಅಂದ್ರೆ?"

"ಅದು ಸಾಯತ್ತೆ."

"ಇಲ್ಲ ಅಂದ್ರೆ?"

"ಮಿಕ್ಕಿದ್ವೆಲ್ಲಾ ಸಾಯ್ತವೆ. ರೆಕ್ಕೆ ಮುರಿದ ಗೂಬೆ ಇದೆ, ಅದನ್ನ ಯಾರು ಇಟ್ಕೋತಾರೆ? ನನ್ನ ಕೆಲಸಾನೂ ಹೋಗತ್ತೆ. ಬಾಡಿಗೆಗೆ ನಿನ್ನ ಪ್ಯಾಂಟೇ ಗತಿ."

ನಾದಿನಿ ಹಲ್ಲಿನಿಂದ ದಾರ ಕಡಿದಳು. "ನಮ್ಮಣ್ಣನ್ನ ಮದುವೆ ಆಗ್ತೀರಾ ಅಂತ ಕೇಳಿದಾಗ್ಲೂ ನೀವು ಎರಡು ದಿನ ಯೋಚ್ನೆ ಮಾಡಿದ್ರಿ. ಆಗ್ಲೂ ತಪ್ಪೇ ಆರಿಸಿದ್ರಿ."

ಮೌನಕ್ಕ ನಕ್ಕಳು. ನಗು ನಿಂತ ಮೇಲೆ ನಾದಿನಿ, "ಒಂದಾ ಮೂವತ್ತೆಂಟಾ ಅಂತ ಲೆಕ್ಕ ಹಾಕಿದ್ರೆ ಸುಲಭ ಅಲ್ವಾ ಅತ್ಗೆ?" ಎಂದಳು.

"ಅವರೂ ಹಂಗೇ ಹಾಕಿದ್ದು."

೭

ಇಲ್ಲಿ ನಾನು ಮೌನಕ್ಕನಿಗೆ ಒಂದು ಭಾಷಣ ಬರೆದಿದ್ದೆ. ಮರುದಿನ ಕಚೇರಿಯಲ್ಲಿ ಅವಳು ಮೇಜು ಗುದ್ದಿ ಹೇಳಬೇಕಾದದ್ದು. ಒಂದೂವರೆ ಪುಟ. ಚೆನ್ನಾಗಿತ್ತು.

"ನಾನು ಇದನ್ನ ಹೇಳಲ್ಲ" ಎಂದಳು.

"ಯಾಕೆ? ನಿನಗೆ ಸಿಟ್ಟಿಲ್ಲವೇ?"

"ಇದೆ. ಆದ್ರೆ ಹಿಂಗೆಲ್ಲಾ ಮಾತಾಡಿ ನಾನು ಮನೆಗೆ ಹೋದ್ರೆ ಮರುದಿನ ಮೀನು ತೂಗೋರು ಯಾರು? ಇದು ನಿಮ್ಮ ಸಿಟ್ಟು ಅಮ್ಮ. ನನ್ನ ಬಾಯಲ್ಲಿ ಯಾಕೆ ಆಡಿಸ್ತೀರಿ? ನೀವೇ ಬೈರಿ."

ಸರಿ. ನಾನೇ ಬೈಯುತ್ತೇನೆ.

ಈ ಕಾರ್ಯಕ್ರಮಕ್ಕೆ ಖರ್ಚು ಜಾಸ್ತಿಯಾಯಿತು ಎನ್ನುವ ಮಹನೀಯರೇ, ಅದರ ಅರ್ಧ ಖರ್ಚೂ ನಿಮಗೆ ಗೊತ್ತಿಲ್ಲ. ಮೀನುಪೇಟೆಯಲ್ಲಿ ಕೊಂಡ ಆರು ಮೀನು ನಿಮ್ಮ ಪುಸ್ತಕದಲ್ಲಿಲ್ಲ. ಬಿಟ್ಟಿ ಬಂದ ಏಳನೆಯದೂ ಇಲ್ಲ. ಕಂಡಕ್ಟರು ಮಾಡಿಕೊಟ್ಟ ಜಾಗ, ರಿಪೇರಿಯವನ ಪಿಸುಮಾತು, ಒಬ್ಬ ಹೆಂಗಸು ನುಂಗಿಕೊಂಡ ಹತ್ತೊಂಬತ್ತು ವರ್ಷದ ಮಾತು, ಇವು ಯಾವುದಕ್ಕೂ ನೀವು ಬಿಲ್ಲು ಕಟ್ಟಿಲ್ಲ. ಬಡವರ ಒಳ್ಳೆಯತನದ ಮೇಲೆ ಇಲಾಖೆ ನಡೆಸುತ್ತೀರಿ. ಆ ಒಳ್ಳೆಯತನವೇ ಕಾಲು ಜಾರಿ ಒಂದು ಪ್ರಾಣಿಗೆ ಬಕೆಟ್ಟನ್ನು ನಂಬಲು ಕಲಿಸಿದಾಗ, ತಪ್ಪಿನ ಕೆಳಗೆ ಸಹಿ ಹಾಕು ಎಂದು ಅವಳ ಕೈಗೇ ಪೆನ್ನು ಕೊಡುತ್ತೀರಿ. ತಾಯಿಯನ್ನು ಕೊಂದ ರಸ್ತೆ ಅಭಿವೃದ್ಧಿ. ಮರಿಯನ್ನು ಸಾಕಿದ ಮೀನು ದುಂದುವೆಚ್ಚ. ಖರ್ಚು ಉಳಿಸುವ ಉಪಾಯ ಬರೆದುಕೊಟ್ಟ ಕಂಪನಿಗೆ ನೀವು ಕೊಟ್ಟ ದುಡ್ಡಿನಲ್ಲಿ ನಲವತ್ತೇಳು ಸಾಯುವತನಕ, ಮುದಿಯಾಗಿ ಹಲ್ಲು ಉದುರಿ ಸಾಯುವತನಕ, ಬದುಕಿರುವ ಮೀನು ತಿನ್ನಬಹುದಾಗಿತ್ತು. ಆ ವರದಿಯನ್ನು ನೀವು ಓದಿಯೂ ಇಲ್ಲ. ಅದರ ಮೇಲೆ ಫ್ಯಾನಿನ ಗಾಳಿಗೆ ಹಾರದ ಹಾಗೆ ಗಾಜಿನ ಗುಂಡು ಇಟ್ಟಿದ್ದೀರಿ. ಅಷ್ಟು ದಪ್ಪದ ವರದಿ ಹಾರುತ್ತದೆಯೇ, ಮೂರ್ಖರೇ?

(ಮೂರ್ಖರೇ ಎನ್ನುವುದನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದೆ. ಇರಲಿ.)

"ಆಯ್ತಾ?" ಎಂದಳು ಮೌನಕ್ಕ.

"ಆಯಿತು."

"ನೀರು ಕುಡೀರಿ."

೮

ಅಂತ್ಯ ಒಂದು. ಮೌನಕ್ಕ ಹೌದು ಎಂದು ಗುರುತು ಹಾಕುತ್ತಾಳೆ. ಹನ್ನೆರಡು. ಅಣೆಕಟ್ಟಿನ ಕೆಳಗೆ ಪೆಟ್ಟಿಗೆಯ ಬಾಗಿಲು ತೆಗೆಯುತ್ತಾರೆ, ಫೋಟೋ ತೆಗೆಯುತ್ತಾರೆ. ಮೂವತ್ತೆಂಟು ಪ್ರಾಣಿಗಳೂ ಮೌನಕ್ಕನೂ ಉಳಿಯುತ್ತಾರೆ. ಆರನೆಯ ಬೆಳಗ್ಗೆ, ಹೊಳೆದಂಡೆಯಲ್ಲಿ ಗಾಳ ಹಾಕಿ ಕೂತವನೊಬ್ಬ ತನ್ನ ಬಕೆಟ್ಟನ್ನು ಕಲ್ಲಿನ ಮೇಲೆ ಇಳಿಸು

ಮುಂದೆ ಬರೆಯಲಾರೆ.

ಅಂತ್ಯ ಎರಡು. ಇಲ್ಲ ಎಂದು ಗುರುತು ಹಾಕುತ್ತಾಳೆ. ಹನ್ನೊಂದು. ತಿಂಗಳೊಳಗೆ ಬಾಗಿಲಿಗೆ ಬೀಗ. ಒಂದು ಬೆಳಗ್ಗೆ ಲಾರಿ ಬರುತ್ತದೆ. ಗೂಬೆಯ ಪಂಜರ ಎತ್ತುವವನು ಮೆಲ್ಲಗೆ ಎತ್ತುತ್ತಾನೆ, ಏಕೆಂದರೆ ನಾನು ಬರೆದರೆ ಎಲ್ಲರೂ ಮೆಲ್ಲಗೇ ಎತ್ತುತ್ತಾರೆ. ಮೆಲ್ಲಗೆ ಎತ್ತಿದರೂ ಲಾರಿ ಹೋಗುವ ಜಾಗ ಅದೇ. ನಲವತ್ತೇಳೂ ಅದೇ ಲಾರಿಯಲ್ಲಿ.

ಅಂತ್ಯ ಮೂರು. ಆಡಿಟರನ ಮನಸ್ಸು ಕರಗುತ್ತದೆ. ಅವನು ಗೆರೆ ಎಳೆದವರ ಬಳಿ ಹೋಗಿ ವಾದಿಸುತ್ತಾನೆ. ಪತ್ರಿಕೆ ತಪ್ಪೊಪ್ಪಿಗೆ ಹಾಕುತ್ತದೆ. ಜನ ಚಂದಾ ಎತ್ತುತ್ತಾರೆ. ಬದುಕಿರುವ ಮೀನು ಆಹಾರವೇ ಎಂದು ಹೊಸ ಆದೇಶ

"ಅಮ್ಮ," ಎಂದಳು ಮೌನಕ್ಕ. "ಇದನ್ನ ನೀವೇ ನಂಬಲ್ಲ."

"ನಂಬುವುದಿಲ್ಲ."

"ಮತ್ತೆ ಯಾಕೆ ಬರೀತೀರಿ?"

"ಓದುವವರು ಅಂತ್ಯ ಕೇಳುತ್ತಾರೆ ಕಣೆ. ಗೇಟು ತೆರೆಯಬೇಕು ಅವರಿಗೆ. ತೆರೆದ ಮೇಲೆ ನೆಮ್ಮದಿಯಾಗಿ ಎದ್ದು ಹೋಗುತ್ತಾರೆ."

ಹೇಳಿದ ಮೇಲೆ ನನಗೇ ಕೇಳಿಸಿತು. ಗೇಟು ದಾಟಿದರೆ ಸಾಕು, ಆಚೆ ಏನಾದರೂ ಆಗಲಿ. ನಾನೂ ಇಷ್ಟು ವರ್ಷ ಅದೇ ಲೆಕ್ಕದಲ್ಲಿ ಕಥೆ ಬರೆದವಳು. ಕೊನೆಯ ಸಾಲಿನಲ್ಲಿ ಪಾತ್ರಗಳ ಪೆಟ್ಟಿಗೆಯ ಬಾಗಿಲು ತೆಗೆದು, ಒಂದು ಫೋಟೋ ತೆಗೆದು, ಒಂದು ಯಶಸ್ಸು ಎಂದು ಬರೆದುಕೊಂಡವಳು.

೯

ಕೊನೆಯ ದಿನ, ಸಂಜೆ ನಾಲ್ಕೂಕಾಲು. ಕಚೇರಿಯ ಹೊರಗಿನ ಬೆಂಚಿನ ಮೇಲೆ ಮೌನಕ್ಕ ಕೂತಿದ್ದಾಳೆ. ತೊಡೆಯ ಮೇಲೆ ಫಾರಮ್ಮು, ಕೈಯಲ್ಲಿ ಆಡಿಟರು ಕೊಟ್ಟ ಪೆನ್ನು. ಒಳಗೆ ನಿರ್ದೇಶಕರು ಜೀಪಿಗೆ ಡ್ರೈವರನ್ನು ಕರೆಯುತ್ತಿದ್ದಾರೆ. ಹೌದು, ಇಲ್ಲ. ಎರಡು ಚೌಕ.

ನಾನು ಮುಂದಿನ ವಾಕ್ಯ ಬರೆದರೆ ಪೆನ್ನು ಕಾಗದಕ್ಕೆ ತಾಗುತ್ತದೆ. ಬರೆಯದಿದ್ದರೆ ಐದೂವರೆ ಆಗುವುದಿಲ್ಲ. ವರ್ಷ ಮುಗಿಯುವುದಿಲ್ಲ. ಹನ್ನೊಂದೂ ಅಲ್ಲ, ಹನ್ನೆರಡೂ ಅಲ್ಲ, ಭಾಗಿಸುವವರು ಭಾಗಿಸಲಾರರು.

"ನಾನು ಈ ಬೆಂಚಿನ ಮೇಲೇ ಕೂತಿರ್ಬೇಕಾ ಹಂಗಾದ್ರೆ?" ಎಂದಳು.

ಅದನ್ನು ನಾನು ಯೋಚಿಸಿರಲಿಲ್ಲ. ಸಿಟ್ಟಿನಲ್ಲಿ ಅವಳನ್ನೇ ಕಟ್ಟಿಹಾಕಿ ಕೂರಿಸಿದ್ದೆ.

"ಬೇಡ, ಏಳು."

"ಫಾರಮ್ಮು?"

"ನನ್ನ ಹತ್ತಿರ ಇರಲಿ."

ಅವಳು ಫಾರಮ್ಮನ್ನು ಮಡಿಸದೆ, ಸುಕ್ಕಾಗದ ಹಾಗೆ ನನ್ನ ಕೈಗೆ ಕೊಟ್ಟಳು. "ಎರಡು ತಿಂಗಳು ತಡೀತೀರಾ ಅಮ್ಮ? ನಿಮಗೆ ಬೈತಾರೆ. ಕಥೆ ಮುಗೀಲೇ ಇಲ್ಲ ಅಂತಾರೆ."

"ಇನ್ನೂ ಇಲ್ಲ ಎನ್ನುತ್ತೇನೆ."

ಅವಳು ಎದ್ದು ಅಡುಗೆಮನೆಯ ಕಡೆಗೆ ಹೊರಟಳು. ಸಂಜೆಯ ಮೀನು ತೂಗುವ ಹೊತ್ತಾಗಿತ್ತು.

ಆದ್ದರಿಂದ, ಓದುಗರೇ, ಇದು ಮುಗಿಯುವುದಿಲ್ಲ. ಮುಗಿಯದ ದಿನಕ್ಕೂ ಖರ್ಚಿದೆ: ದಿನಕ್ಕೆ ಒಂದು ಕಿಲೋ ಇನ್ನೂರು ಗ್ರಾಂ ಮೀನು, ಬದುಕಿರುವುದು, ಸದ್ದಿಲ್ಲದೆ ತಂದದ್ದು. ಇಷ್ಟು ದಿನ ಅವಳು ಕೊಟ್ಟಳು. ಇವತ್ತಿನಿಂದ ನೀವು ಕೊಡುತ್ತೀರಿ. ಬೇಸರವಾದರೆ ಪುಸ್ತಕ ಮುಚ್ಚಿ, ನನ್ನ ಅಡ್ಡಿಯಿಲ್ಲ. ಗೇಟಿನ ಕೀಲಿ ನಾನು ಕೊಡುವುದಿಲ್ಲ.